ಅಗೆತದಲ್ಲಿ ಸಿಕ್ಕಿದ್ದು ಬೈಬಲಿಗೆ ಹೊಂದುತ್ತಾ? ಈ ಚರ್ಚೆ ನಡೆಸಿದವರು ಅನುಭವ ಹೇಳಿ

ಪ್ರಶ್ನೆ:
ನಮ್ಮ ಚರ್ಚಿನ ಯುವಜನರಿಗೆ ಬೈಬಲ್ ಅಧ್ಯಯನ ನಡೆಸುವುದು ನನ್ನ ಜವಾಬ್ದಾರಿ. ಯೆಹೋಶುವನ ಮುಂದಾಳತ್ವದಲ್ಲಿ ಇಸ್ರಾಯೇಲ್ಯರು ಯೆರಿಕೋ ಪಟ್ಟಣ ಹಿಡಿದ ಕಥೆ ಇರುವ ಯೆಹೋಶುವನ ಪುಸ್ತಕಕ್ಕೆ ಬಂದ ಮೇಲೆ ಜಗಳ ಶುರುವಾಗಿದೆ. ಒಬ್ಬ ಹುಡುಗ "ಯೆರಿಕೋ ಗೋಡೆ ಬಿದ್ದಿದ್ದನ್ನು ಅಗೆದು ತೋರಿಸಿದ್ದಾರೆ, ಎಲ್ಲ ಸಾಬೀತಾಗಿದೆ" ಅನ್ನುತ್ತಾನೆ. ಡಿಗ್ರಿ ಓದುವ ಹುಡುಗಿ "ದಾವೀದ ಅನ್ನುವ ರಾಜನೇ ಇರಲಿಲ್ಲ, ಎಲ್ಲ ಆಮೇಲೆ ಕಟ್ಟಿದ್ದು" ಅಂತ ವಿಡಿಯೋ ಕಳಿಸುತ್ತಾಳೆ. ಈಗ ಇಬ್ಬರೂ ಮಾತು ಬಿಟ್ಟಿದ್ದಾರೆ. ಇಂಥದ್ದನ್ನು ನಿಭಾಯಿಸಿದವರು ದಯವಿಟ್ಟು ಹೇಳಿ.

ಸಂಡೇ ಸ್ಕೂಲ್ ಶಿಕ್ಷಕಿ, ಧಾರವಾಡ:
ಯೆರಿಕೋದ ಪೂರ್ತಿ ಕಥೆ ಹೇಳಿಬಿಡಿ, ಬ್ರದರ್. ನಾನು ಮಾಡಿದ್ದು ಅದನ್ನೇ. ನಿಮ್ಮ ಹುಡುಗ ಹೇಳುವುದು ಸುಳ್ಳಲ್ಲ, ಆದರೆ 1930ರ ದಶಕದ್ದು. ಆಗ ಪುರಾತತ್ವಜ್ಞ ಜಾನ್ ಗಾರ್‌ಸ್ಟಾಂಗ್ ಹಳೆಯ ಯೆರಿಕೋ ಇದ್ದ ತೆಲ್ ಎಸ್-ಸುಲ್ತಾನ್ ದಿಬ್ಬ ಅಗೆದು, ಬಿದ್ದ ಗೋಡೆ ಸಿಕ್ಕಿತು, ಅದು ಯೆಹೋಶುವನ ಕಾಲದ್ದು, ಅಂದರೆ ಕ್ರಿ.ಪೂ. 1400ರ ಸುಮಾರಿನದು ಅಂದರು. 1952ರಿಂದ 1958ರವರೆಗೆ ಕ್ಯಾಥ್ಲೀನ್ ಕೆನ್ಯನ್ ಅದೇ ದಿಬ್ಬವನ್ನು ಪದರ ಪದರವಾಗಿ ಬಿಡಿಸಿ ನೋಡಿದರು. ಗಾರ್‌ಸ್ಟಾಂಗ್ ತೋರಿಸಿದ ಗೋಡೆ ಅದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದು ಅಂತ ತಿಳಿಯಿತು. ಊರು ಇನ್ನೊಮ್ಮೆ ಸುಟ್ಟಿದ್ದು ನಿಜ. ಅದು ಕ್ರಿ.ಪೂ. 1550ರ ಹೊತ್ತಿಗೆ. ಯೆಹೋಶುವನ ಕಾಲಕ್ಕೆ ಅಲ್ಲಿ ಕೋಟೆ ಇದ್ದ ಪಟ್ಟಣದ ಗುರುತು ಅವರಿಗೆ ಸಿಗಲಿಲ್ಲ.

ಮಕ್ಕಳಿಗೆ ತುಂಬ ಹಿಡಿಸಿದ್ದು ಧಾನ್ಯದ ವಿಷಯ. ಸುಟ್ಟ ಆ ಊರಲ್ಲಿ ಜಾಡಿ ಜಾಡಿ ಧಾನ್ಯ ಹಾಗೇ ಕರಿಯಾಗಿ ಉಳಿದಿತ್ತು. 1990ರಲ್ಲಿ ಬ್ರಯಂಟ್ ವುಡ್ ಇದನ್ನು ಹಿಡಿದು ವಾದ ಮಾಡಿದರು: ಮುತ್ತಿಗೆ ಬೇಗ ಮುಗಿದಿದೆ, ಸುಗ್ಗಿ ಆಗಷ್ಟೇ ಆಗಿದೆ, ಯಾರೂ ಲೂಟಿ ಮಾಡಿಲ್ಲ, ಇದೆಲ್ಲ ಯೆಹೋಶುವನ ಪುಸ್ತಕದಲ್ಲಿ ಇರುವ ಹಾಗೇ ಇದೆ ಅಲ್ವಾ? ಮಡಕೆ ಚೂರುಗಳ ಆಧಾರದ ಮೇಲೆ, ಊರು ಸುಟ್ಟಿದ್ದು 1400ರ ಸುಮಾರಿಗೇ ಅಂದರು. 1995ರಲ್ಲಿ ಅದೇ ಸುಟ್ಟ ಧಾನ್ಯ ಯಾವ ಕಾಲದ್ದು ಅಂತ ತಿಳಿಯಲು ಮಾಡಿದ ಕಾರ್ಬನ್ ಪರೀಕ್ಷೆ ಪ್ರಕಟವಾಯಿತು. ಬಂದಿದ್ದು ಕ್ರಿ.ಪೂ. 16ನೇ ಶತಮಾನ. ಇವತ್ತಿಗೂ ಹೆಚ್ಚಿನ ಪುರಾತತ್ವಜ್ಞರು ಕೆನ್ಯನ್ ಕಡೆ ಇದ್ದಾರೆ, ವುಡ್ ಮಾತನ್ನು ಒಪ್ಪುವವರೂ ಇದ್ದಾರೆ. ಇದನ್ನೆಲ್ಲ ಮುಚ್ಚಿಡದೆ ಹೇಳಿದರೆ ಹುಡುಗರು ಕಿವಿಗೊಟ್ಟು ಕೇಳುತ್ತಾರೆ.

ಇತಿಹಾಸ ಉಪನ್ಯಾಸಕ, ಮೈಸೂರು:
ನಿಮ್ಮ ಹುಡುಗಿಗೆ ತೆಲ್ ದಾನ್ ಕಲ್ಲಿನ ಫೋಟೋ ತೋರಿಸಿ. 1993ರಲ್ಲಿ ಅವ್ರಹಾಂ ಬಿರಾನ್ ತಂಡಕ್ಕೆ ಉತ್ತರ ಇಸ್ರೇಲಿನಲ್ಲಿ ಸಿಕ್ಕಿದ ತುಂಡು. ಕ್ರಿ.ಪೂ. 9ನೇ ಶತಮಾನದ ಅರಾಮ್ಯ ಭಾಷೆಯ ಬರಹ. ಜೆರುಸಲೇಮ್ ರಾಜಧಾನಿಯಾಗಿದ್ದ ಯೆಹೂದ ರಾಜ್ಯದ ರಾಜನನ್ನು ಶತ್ರು ರಾಜನೊಬ್ಬ "ದಾವೀದನ ಮನೆತನ"ದವನು ಅಂತ ಕರೆದಿದ್ದಾನೆ. ಆ ಅಕ್ಷರಗಳನ್ನು ಬೇರೆ ಥರ ಓದಿದವರೂ ಇದ್ದರು, ಈಗ ಅವರು ತೀರಾ ಕಡಿಮೆ. ದಾವೀದ ಇರಲೇ ಇಲ್ಲ ಅನ್ನುವುದು ಈ ಕಲ್ಲು ಸಿಕ್ಕಿದ ಮೇಲೆ ಕಷ್ಟ.

ಆದರೆ ಅಲ್ಲಿಗೇ ನಿಲ್ಲಿಸಬೇಡಿ. ರಾಜ್ಯ ಎಷ್ಟು ದೊಡ್ಡದಿತ್ತು ಅಂತ ಆ ಕಲ್ಲು ಹೇಳುವುದಿಲ್ಲ. ಹಾಚೋರ್, ಮೆಗಿದ್ದೋ, ಗೆಜೆರ್ ಮೂರು ಪಟ್ಟಣಗಳನ್ನೂ ದಾವೀದನ ಮಗ ಸೊಲೊಮೋನ ಕಟ್ಟಿಸಿದ ಅಂತ 1 ಅರಸುಗಳು 9:15ರಲ್ಲಿ ಇದೆ. ಮೂರೂ ಕಡೆ ಒಂದೇ ಮಾದರಿಯ ಕೋಟೆ ಬಾಗಿಲು ಸಿಕ್ಕಾಗ ಪುರಾತತ್ವಜ್ಞ ಯಿಗೇಲ್ ಯಾದಿನ್ ಅದು ಸೊಲೊಮೋನನದೇ ಅಂದರು. 1996ರಿಂದ ಇಸ್ರೇಲ್ ಫಿಂಕೆಲ್‌ಸ್ಟೈನ್ ಆ ಪದರಗಳ ಕಾಲವನ್ನು ಮುಕ್ಕಾಲು ಶತಮಾನಕ್ಕೂ ಜಾಸ್ತಿ ಈಚೆಗೆ ತಂದು, ಇವು ಸೊಲೊಮೋನನ ನಂತರ ಇಸ್ರೇಲ್ ಆಳಿದ ಒಮ್ರಿ ರಾಜನ ವಂಶದವರ ಕೆಲಸ ಅನ್ನುತ್ತಿದ್ದಾರೆ. ಇನ್ನೊಬ್ಬ ಪುರಾತತ್ವಜ್ಞ ಅಮಿಹಾಯ್ ಮಜಾರ್ ಅಷ್ಟೊಂದು ಈಚೆಗೆ ತರಲು ಒಪ್ಪುವುದಿಲ್ಲ. 2007ರಿಂದ ಖಿರ್ಬೆತ್ ಕೆಯಾಫಾ ಅನ್ನುವ ಜಾಗ ಅಗೆದ ಯೋಸೆಫ್ ಗಾರ್ಫಿಂಕೆಲ್, ಅಲ್ಲಿ ಸಿಕ್ಕಿದ ಆಲಿವ್ ಬೀಜಗಳ ಕಾಲ ತೋರಿಸಿ, ದಾವೀದನ ಹೊತ್ತಿಗೇ ಯೆಹೂದದಲ್ಲಿ ಕೋಟೆ ಊರು ಇತ್ತು ಅನ್ನುತ್ತಾರೆ. ಇದು ನಾಸ್ತಿಕರು, ಭಕ್ತರು ನಡುವಿನ ಜಗಳ ಅಲ್ಲ. ಒಂದೇ ನೆಲ ಅಗೆಯುವವರ ನಡುವೆ ಕಾಲದ ಲೆಕ್ಕ ಹೇಗೆ ಮಾಡಬೇಕು ಅನ್ನುವ ಜಗಳ.

ಜೆರುಸಲೇಮಿನಿಂದ, ಊರು ಉಡುಪಿ ಕಡೆ:
ನಾನು ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ರಜೆ ಸಿಕ್ಕಾಗ, ಯೆಹೂದದ ರಾಜ ಹಿಜ್ಕೀಯ ನೀರಿಗಾಗಿ ಕಡಿಸಿದ ಅಂತ ಹೇಳುವ ಹಿಜ್ಕೀಯನ ಸುರಂಗದಲ್ಲಿ ನಡೆದಿದ್ದೇನೆ. ಉದ್ದ 533 ಮೀಟರ್. ಒಳಗೆ ಕತ್ತಲು, ಕಾಲಡಿ ತಣ್ಣಗೆ ಹರಿಯುವ ನೀರು, ಗೋಡೆಯಲ್ಲಿ ಕಲ್ಲು ಕಡಿದ ಗುರುತು ಕೈಗೆ ಸಿಗುತ್ತದೆ. ಎರಡು ತುದಿಯಿಂದ ಕಡಿಯುತ್ತಾ ಬಂದು ನಡುವೆ ಸೇರಿದ್ದಾರೆ. ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸಿತು ಅಂತ ಕೆಲಸದವರ ಮಾತನ್ನೇ ಗೋಡೆಯಲ್ಲಿ ಕೆತ್ತಿದ್ದರು. 1880ರಲ್ಲಿ ಸಿಕ್ಕಿದ ಆ ಬರಹ ಈಗ ಇಸ್ತಾಂಬುಲಿನಲ್ಲಿದೆ. ಅದರಲ್ಲಿ ಯಾವ ರಾಜನ ಹೆಸರೂ ಇಲ್ಲ, ಇದನ್ನು ಹುಡುಗರಿಗೆ ಹೇಳಲೇಬೇಕು. 2 ಅರಸುಗಳು 20:20ರಲ್ಲಿ ಹಿಜ್ಕೀಯ ಪಟ್ಟಣಕ್ಕೆ ನೀರು ತಂದ ಮಾತಿದೆ. ಸುರಂಗದ ಗಾರೆಯಲ್ಲಿದ್ದ ಗಿಡದ ಚೂರುಗಳ ಪರೀಕ್ಷೆಯೂ ಕ್ರಿ.ಪೂ. 700ರ ಸುಮಾರನ್ನೇ ತೋರಿಸಿತು. ಆ ನೀರಲ್ಲಿ ನಡೆಯುವಾಗ ನಾನು ಅತ್ತಿದ್ದೇನೆ. ರಾಜನ ಹೆಸರು ಇಲ್ಲ ಅಂತ ತಿಳಿದೂ ಅತ್ತಿದ್ದೇನೆ.

ಪುತ್ತೂರಿನಿಂದ ಒಬ್ಬರು:
ವಾಟ್ಸಾಪಿನಲ್ಲಿ ಬಂದ ಫೋಟೋ ತಂದರೆ ಮೊದಲು ಒಂದು ಪ್ರಶ್ನೆ ಕೇಳಿ: ಇದು ಎಲ್ಲಿ, ಯಾರು ಅಗೆದಾಗ ಸಿಕ್ಕಿತು? ಯೇಸುವನ್ನು ಶಿಲುಬೆಗೆ ಒಪ್ಪಿಸಿದ ರೋಮನ್ ಅಧಿಕಾರಿ ಪಿಲಾತನ ಹೆಸರಿನ ಕಲ್ಲು 1961ರಲ್ಲಿ ಕೈಸರೈಯದ ರಂಗಮಂದಿರ ಅಗೆಯುವಾಗಲೇ ಸಿಕ್ಕಿದ್ದು, ಅದಕ್ಕೇ ತಕರಾರು ಇಲ್ಲ. ವಾಷಿಂಗ್ಟನ್ನಿನ ಬೈಬಲ್ ಮ್ಯೂಸಿಯಂ ಮಾರುಕಟ್ಟೆಯಿಂದ ಬಂದ 16 ತುಂಡುಗಳನ್ನು ಮೃತಸಮುದ್ರದ ಸುರುಳಿಗಳದ್ದು, ಅಂದರೆ ಬೈಬಲಿನ ಅತಿ ಹಳೆಯ ಕೈಬರಹಗಳದ್ದು, ಅಂತ ಇಟ್ಟುಕೊಂಡಿತ್ತು. ಪರೀಕ್ಷೆ ಮಾಡಿಸಿದಾಗ ಎಲ್ಲವೂ ನಕಲಿ. 2020ರಲ್ಲಿ ಮ್ಯೂಸಿಯಂನವರೇ ಅದನ್ನು ಹೇಳಿದರು. ಟರ್ಕಿಯ ದೋಣಿ ಆಕಾರದ ದಿಬ್ಬ ನೋಹನ ನಾವೆ ಅಂತ ಸುತ್ತುತ್ತಲೇ ಇರುತ್ತದೆ. ಅದು ಸಹಜವಾಗಿ ಆದ ರಚನೆ ಅಂತ ಭೂವಿಜ್ಞಾನಿಗಳು ಹೇಳಿ ಎಷ್ಟೋ ವರ್ಷವಾಯಿತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆ. ಒಂದೇ ಭಯ. ಯೆರಿಕೋ ವಿಷಯ ಹೀಗೆ ಹೇಳಿದರೆ ಆ ಹುಡುಗನ ವಿಶ್ವಾಸಕ್ಕೆ ಪೆಟ್ಟು ಬೀಳಲ್ವಾ? ಅವನು ಪ್ರಾಮಾಣಿಕ ಹುಡುಗ.

ಸಂಡೇ ಸ್ಕೂಲ್ ಶಿಕ್ಷಕಿ, ಧಾರವಾಡ:
ಅವನಿಗೆ ಜೋಸೆಫ್ ಕ್ಯಾಲವೇ ಬಗ್ಗೆ ಹೇಳಿ. ಅಮೆರಿಕದ ಬ್ಯಾಪ್ಟಿಸ್ಟ್ ಸೆಮಿನರಿಯ ಪ್ರೊಫೆಸರ್. ಯೆರಿಕೋ ಆದ ಮೇಲೆ ಯೆಹೋಶುವ ಹಿಡಿದ ಅಂತ ಬೈಬಲ್ ಹೇಳುವ ಆಯಿ ಪಟ್ಟಣ ಇದೇ ಅಂತ ಗುರುತಿಸಿದ್ದ ಎತ್-ತೆಲ್ ದಿಬ್ಬವನ್ನು 1964ರಿಂದ ಅಗೆದರು. ಯೆಹೋಶುವನ ಕಾಲಕ್ಕೆ ಅಲ್ಲಿ ಊರೇ ಇರಲಿಲ್ಲ, ಸಾವಿರ ವರ್ಷಕ್ಕೂ ಜಾಸ್ತಿ ಖಾಲಿ ಬಿದ್ದಿತ್ತು ಅಂತ ಕಂಡಿತು. ಕಂಡಿದ್ದನ್ನು ಹಾಗೇ ಬರೆದರು. ಆಯಿ ಇರಬೇಕಾದ್ದು ಬೇರೆ ದಿಬ್ಬದಲ್ಲಿ ಅಂತ ವುಡ್ ತಂಡ ಆಮೇಲೆ ಹತ್ತಿರದ ಖಿರ್ಬೆತ್ ಎಲ್-ಮಕಾತಿರ್ ಅಗೆಯಿತು. ದೇವರ ವಾಕ್ಯವನ್ನು ಪ್ರೀತಿಸುವವರೇ ಈ ಕೆಲಸ ಮಾಡಿದ್ದಾರೆ ಅಂತ ಅವನಿಗೆ ಗೊತ್ತಾಗಲಿ.

ಇತಿಹಾಸ ಉಪನ್ಯಾಸಕ, ಮೈಸೂರು:
ಇಬ್ಬರನ್ನೂ ಒಟ್ಟಿಗೆ ಕೂರಿಸಲು ಒಂದು ದಾರಿ ಇದೆ. ಒಂದು ಹಾಳೆಯ ಎಡಕ್ಕೆ 2 ಅರಸುಗಳು 18 ಮತ್ತು 19, ಬಲಕ್ಕೆ ಯೆಹೂದದ ಮೇಲೆ ದಂಡೆತ್ತಿ ಬಂದ ಅಶ್ಶೂರದ ರಾಜ ಸನ್ಹೇರೀಬ ಜೇಡಿಮಣ್ಣಿನ ಮೇಲೆ ಬರೆಸಿದ ದಾಖಲೆ. ಕ್ರಿ.ಪೂ. 701ರ ಒಂದೇ ಯುದ್ಧ. ಹಿಜ್ಕೀಯ 30 ತಲಾಂತು (ಆ ಕಾಲದ ತೂಕದ ಅಳತೆ) ಬಂಗಾರ ಕೊಟ್ಟ ಅಂತ ಎರಡರಲ್ಲೂ ಇದೆ. ಬೆಳ್ಳಿ ಮಾತ್ರ ಬೈಬಲಿನಲ್ಲಿ 300, ಸನ್ಹೇರೀಬನ ಲೆಕ್ಕದಲ್ಲಿ 800. ಅವನು 46 ಊರು ಹಿಡಿದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯ ಹಾಗೆ ಕೂಡಿಹಾಕಿದೆ ಅನ್ನುತ್ತಾನೆ. ಜೆರುಸಲೇಮ್ ಹಿಡಿದೆ ಅಂತ ಎಲ್ಲೂ ಹೇಳುವುದಿಲ್ಲ. ಬೈಬಲು ಕರ್ತನ ದೂತನು 1,85,000 ಜನರನ್ನು ಹೊಡೆದನು ಅನ್ನುತ್ತದೆ. ಹೊಂದುವ ಸಾಲಿಗೆ ಹುಡುಗಿ ಗುರುತು ಹಾಕಲಿ, ಹೊಂದದ ಸಾಲಿಗೆ ಹುಡುಗ ಹಾಕಲಿ. ಅದೇ ಯುದ್ಧದಲ್ಲಿ ಯೆಹೂದದ ಲಾಕೀಷ್ ಪಟ್ಟಣಕ್ಕೆ ಹಾಕಿದ ಮುತ್ತಿಗೆಯ ಕೆತ್ತನೆ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಅದರ ಫೋಟೋ ನೆಟ್‌ನಲ್ಲಿ ಸಿಗುತ್ತದೆ. ಅದನ್ನೂ ಪ್ರಿಂಟ್ ತೆಗೆದುಕೊಂಡು ಹೋಗಿ.