ಮಗನ ಕಣ್ಣು ಮತ್ತೆ ಕೆಂಪು: ಮದ್ರಾಸ್ ಐನಾ, ಅಲರ್ಜಿನಾ?

ಕೆಂಗೇರಿ ಅಮ್ಮ:
ಮಗನಿಗೆ ಒಂಬತ್ತು ವರ್ಷ. ಹೋದ ಬೇಸಿಗೆಯಲ್ಲೂ ಹೀಗೇ ಆಗಿತ್ತು, ಮಳೆ ಹಿಡಿದ ಮೇಲೆ ತಾನಾಗಿ ಕಡಿಮೆಯಾಯಿತು. ಈ ಸಲ ಶಿವರಾತ್ರಿ ಮುಗಿದ ವಾರವೇ ಶುರು. ಎರಡೂ ಕಣ್ಣು ಕೆಂಪು, ವಿಪರೀತ ತುರಿಕೆ. ಮುಷ್ಟಿ ಕಟ್ಟಿ ಉಜ್ಜುತ್ತಾನೆ, ಪಚಪಚ ಸದ್ದು ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತದೆ. ಮೂಲೆಯಲ್ಲಿ ಬಿಳಿ ದಾರದಂಥ ಪಿಸುರು.

ಸ್ಕೂಲಿನವರು ಮದ್ರಾಸ್ ಐ ಅಂತ ಮನೆಗೆ ಕಳಿಸಿದರು. ಅತ್ತೆ ‘ಉಷ್ಣ ಕಣಮ್ಮ’ ಅಂತ ನೆತ್ತಿಗೆ ಹರಳೆಣ್ಣೆ ಹಚ್ಚಿ, ಕಣ್ಣ ಮೇಲೆ ನಂದಿಬಟ್ಟಲು ಹೂವು ಇಟ್ಟರು. ನನಗೆ ಬೀದಿ ತುಂಬ ಉದುರಿರುವ ಟಬೂಬಿಯಾ ಹೂವಿನ ಮೇಲೇ ಅನುಮಾನ. ಹೋದ ವರ್ಷ ಮೆಡಿಕಲ್ ಶಾಪಿನವರು ಕೊಟ್ಟ ಡ್ರಾಪ್ಸ್ ಎರಡೇ ದಿನದಲ್ಲಿ ಕೆಲಸ ಮಾಡಿತ್ತು. ಅದನ್ನೇ ಮತ್ತೆ ತರಲಾ?

ಹಳೇ ಕನ್ನಡಕ:
ತರಬೇಡಿ. ಮೊದಲು ಹಳೇ ಬಾಟಲಿಯ ಲೇಬಲ್ ಓದಿ. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಇದ್ದರೆ ಅದು ಸ್ಟೀರಾಯ್ಡ್.

ಯಾಕಿಷ್ಟು ಖಡಕ್ಕಾಗಿ ಹೇಳುತ್ತಿದ್ದೇನೆ ಅಂದರೆ, ಚಿತ್ರದುರ್ಗದಲ್ಲಿ ನಾನೂ ಇಂಥದೇ ಹುಡುಗ. ಪ್ರತಿ ಬೇಸಿಗೆಗೆ ಅಪ್ಪ ಅಂಗಡಿಯಿಂದ ಡ್ರಾಪ್ಸ್ ತರುತ್ತಿದ್ದರು, ಹಾಕಿದ ತಕ್ಷಣ ಸ್ವರ್ಗ. ಆ ಸ್ಟೀರಾಯ್ಡಿನಿಂದ ಕಣ್ಣಿನೊಳಗಿನ ಒತ್ತಡ ಏರುತ್ತಿದ್ದದ್ದು ಯಾರಿಗೂ ಗೊತ್ತಾಗಲಿಲ್ಲ, ಅದಕ್ಕೆ ನೋವೇ ಇರುವುದಿಲ್ಲ. ಹದಿನೇಳಕ್ಕೆ ಗ್ಲಾಕೋಮಾ ಅಂದರು, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ. ಈಗಲೂ ಬೈಕಿನಲ್ಲಿ ಹೋಗುವಾಗ ಎಡಗಡೆ ನುಗ್ಗುವ ಆಟೋ ನನಗೆ ಕಾಣುವುದಿಲ್ಲ. ಪೂರ್ತಿ ಕತ್ತು ತಿರುಗಿಸಬೇಕು. ಹೋದ ನೋಟ ವಾಪಸ್ ಬರಲ್ಲ. ಸ್ಟೀರಾಯ್ಡೇ ವಿಷ ಅಂತಲ್ಲ, ಜೋರಾದಾಗ ಡಾಕ್ಟರೂ ಕೊಡುತ್ತಾರೆ. ಆದರೆ ದಿನ ಲೆಕ್ಕ ಹಾಕಿ, ಒತ್ತಡ ಅಳೆದು ಕೊಡುತ್ತಾರೆ.

ನೀವು ಹೇಳಿದ್ದು ಅಲರ್ಜಿ ಥರ ಇದೆ. ತುರಿಕೆಯೇ ದೊಡ್ಡ ಗುರುತು. ಮದ್ರಾಸ್ ಐ ಸಾಮಾನ್ಯವಾಗಿ ಒಂದು ಕಣ್ಣಲ್ಲಿ ಶುರುವಾಗಿ ಇನ್ನೊಂದಕ್ಕೆ ಹೋಗುತ್ತದೆ, ಮರಳು ಬಿದ್ದ ಹಾಗೆ ಚುಚ್ಚುತ್ತದೆ, ಮನೆಮಂದಿಗೆಲ್ಲ ಅಂಟುತ್ತದೆ. ಅಲರ್ಜಿ ಯಾರಿಗೂ ಅಂಟಲ್ಲ. ದಾರದಂಥ ಪಿಸುರು, ಗಂಡುಹುಡುಗ, ಬೇಸಿಗೆ ಅಂದರೆ ವರ್ನಲ್ ಅನ್ನುವ ಜೋರು ಜಾತಿಯದೂ ಇರಬಹುದು. ಬೆಳಕು ನೋಡಲಾಗದೆ ಕಣ್ಣು ಮುಚ್ಚಿದರೆ, ನೋವಿದ್ದರೆ, ಮಂಜಾದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಓಡಿ. ಉಜ್ಜುವುದನ್ನು ಹೇಗಾದರೂ ಬಿಡಿಸಿ. ವರ್ಷಗಟ್ಟಲೆ ಉಜ್ಜಿದರೆ ಕಣ್ಣಿನ ಕರಿಗುಡ್ಡೆ ಮೇಲಿನ ಗಾಜಿನಂಥ ಪದರ ತೆಳುವಾಗಿ ಮುಂದೆ ಚಾಚಿಕೊಳ್ಳಬಹುದು.

ತೋಟದ ಹುಚ್ಚ:
ಪಾಪ, ಟಬೂಬಿಯಾಕ್ಕೆ ಬೈಯಬೇಡಿ. ಜೇನು ಕೂರುವ ದೊಡ್ಡ ಹೂವಿನ ಪರಾಗ ಅಂಟಂಟು, ಗಾಳಿಯಲ್ಲಿ ದೂರ ಹೋಗಲ್ಲ. ತೊಂದರೆ ಕೊಡುವುದು ಕಣ್ಣಿಗೇ ಬೀಳದ ಹೂವುಗಳು: ಹುಲ್ಲು, ಸರ್ವೆ ಮರ, ಖಾಲಿ ಸೈಟಿನ ಕಾಂಗ್ರೆಸ್ ಗಿಡ. ಹಾಸಿಗೆಯ ಧೂಳನ್ನೂ ಮರೆಯಬೇಡಿ. ದಿಂಬಿನ ಕವರ್ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ.

ಕೆಂಗೇರಿ ಅಮ್ಮ:
ಲೇಬಲ್ ನೋಡಿದೆ. ಡೆಕ್ಸಾಮೆಥಸೋನ್ ಇತ್ತು. ಕೈ ನಡುಗಿತು.

ಇವತ್ತು ತೋರಿಸಿಕೊಂಡು ಬಂದೆವು. ಡಾಕ್ಟರ್ ಮೇಲಿನ ರೆಪ್ಪೆ ಮಡಚಿ ನನಗೂ ತೋರಿಸಿದರು. ಒಳಗೆ ಹಲಸಿನ ಹಣ್ಣಿನ ಸಿಪ್ಪೆ ಹಾಗೆ ಗುಳ್ಳೆ ಗುಳ್ಳೆ! ವರ್ನಲ್ಲೇ ಅಂತೆ. ಹೆಚ್ಚಿನ ಮಕ್ಕಳಿಗೆ ಹದಿಹರೆಯ ಮುಗಿಯುವ ಹೊತ್ತಿಗೆ ಕಡಿಮೆಯಾಗುತ್ತದಂತೆ. ಒತ್ತಡ 15, ನಾರ್ಮಲ್. ಅಷ್ಟು ಹೊತ್ತು ಹಿಡಿದಿದ್ದ ಉಸಿರು ಆಗ ಬಿಟ್ಟೆ.

ಸದ್ಯಕ್ಕೆ ಅಲರ್ಜಿ ತಡೆಯುವ ಓಲೋಪಟಡಿನ್ ಡ್ರಾಪ್ಸ್ ದಿನಕ್ಕೆ ಎರಡು ಸಲ, ಜೊತೆಗೆ ಕಣ್ಣೀರಿನಂಥ ಬರೀ ತಂಪಿನ ಡ್ರಾಪ್ಸ್. ಮುಂದಿನ ವರ್ಷ ತುರಿಕೆಗೆ ಕಾಯದೆ ಸೀಸನ್‌ಗೆ ಮುಂಚೆಯೇ ಬನ್ನಿ ಅಂದರು. ಬಾಟಲಿ ಮೇಲೆ ತೆರೆದ ತಾರೀಖು ಬರೆದಿದ್ದೇನೆ, ತಿಂಗಳಾದರೆ ಎಸೆಯಬೇಕಂತೆ. ಆಟ ಆಡಿ ಬಂದವನು ಮೊದಲು ಮುಖ ತೊಳೆಯಬೇಕು, ಬಟ್ಟೆ ಬದಲಾಯಿಸಬೇಕು. ಹೊರಗೆ ಟೋಪಿ, ಕೂಲಿಂಗ್ ಗ್ಲಾಸ್. ಅದೊಂದು ರೂಲ್ ಮಾತ್ರ ಅವನಿಗೆ ಖುಷಿ.

ತುರಿಕೆ ಬಂದಾಗ ಮುಚ್ಚಿದ ಕಣ್ಣ ಮೇಲೆ ತಣ್ಣೀರು ಬಟ್ಟೆ ಇಡಿ ಅಂದಿದ್ದಾರೆ. ಆ ಕೆಲಸ ಅತ್ತೆ ವಹಿಸಿಕೊಂಡಿದ್ದಾರೆ. ‘ನಾನು ಹೇಳಿದ್ದೂ ತಂಪು ಮಾಡು ಅಂತಲೇ ಅಲ್ವಾ?’ ಅಂತ ಬೆಳಗ್ಗೆಯಿಂದ ಮೂರು ಸಲ ಕೇಳಿದರು.