ಹಳೆಯ ಬ್ರೌಸರ್‌ಗಳನ್ನು ಜನ ಇಂದಿಗೂ ಏಕೆ ಬಿಡುತ್ತಿಲ್ಲ?

ಅಡಿಕೆಸೀಮೆ ಕೇಳಿದ್ದು:

ಮಲೆನಾಡಿನ ಒಂದು ಕೃಷಿ ಸಹಕಾರ ಸಂಘದ ಜಾಲತಾಣವನ್ನು ನಾನು ನೋಡಿಕೊಳ್ಳುತ್ತೇನೆ. ಸದಸ್ಯರು ಸಾಲದ ಕಂತು, ಗೊಬ್ಬರದ ದಾಸ್ತಾನು, ಅಡಿಕೆಯ ಧಾರಣೆ ನೋಡುವುದಕ್ಕೂ ಕೆಲವು ಅರ್ಜಿಗಳನ್ನು ತುಂಬುವುದಕ್ಕೂ ಅದನ್ನು ಬಳಸುತ್ತಾರೆ. ತಾಣದ ವಿನ್ಯಾಸವನ್ನು ಇತ್ತೀಚೆಗೆ ಹೊಸದಾಗಿ ಬರೆದ ಮೇಲೆ, ಅರ್ಜಿಯ ಪುಟ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ, ಸಲ್ಲಿಸುವ ಬಟನ್ ಎಲ್ಲಿದೆಯೆಂದೇ ತಿಳಿಯುವುದಿಲ್ಲ ಎಂಬ ದೂರುಗಳು ಬರತೊಡಗಿದವು. ಭೇಟಿಗಳ ದಾಖಲೆಯಾದ ಸರ್ವರ್‌ನ ಲಾಗ್ ತೆರೆದು ನೋಡಿದರೆ, ದೂರು ಬಂದ ಕಡೆಗಳಲ್ಲಿ ಹೆಚ್ಚಿನವು ಕ್ರೋಮ್ 109ನ್ನು ತೋರಿಸುತ್ತಿವೆ. ಅದು 2023ರ ಜನವರಿಯ ಆವೃತ್ತಿ. ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಭಾಷೆಯಲ್ಲಿ ನಾನು ಬಳಸಿರುವ, ಒಂದು ನಿಯಮದೊಳಗೆ ಇನ್ನೊಂದನ್ನು ಬರೆಯುವ ನೆಸ್ಟಿಂಗ್ ಎಂಬ ಸೌಲಭ್ಯ ಕ್ರೋಮ್‌ನಲ್ಲಿ ಬಂದದ್ದೇ 112ನೆಯ ಆವೃತ್ತಿಯಿಂದ. ಹಾಗಾಗಿ ಪುಟ ಏಕೆ ಕೆಡುತ್ತಿದೆ ಎಂಬುದು ಸ್ಪಷ್ಟವಾಗಿಯೇ ಇದೆ.

ನನಗೆ ಸ್ಪಷ್ಟವಾಗದಿರುವುದು ಮನುಷ್ಯರ ವಿಷಯ. ಬ್ರೌಸರಿಗೆ ಕಾಸು ಕೊಡಬೇಕಾಗಿಲ್ಲ, ಅದು ತಾನಾಗಿಯೇ ಅಪ್‌ಡೇಟ್ ಆಗುತ್ತದೆ, ಕ್ರೋಮ್‌ನ ಹೊಸ ಆವೃತ್ತಿ ಕೆಲವೇ ವಾರಗಳಿಗೊಮ್ಮೆ ಬರುತ್ತಿದೆ. ಇಷ್ಟಿದ್ದೂ ವರ್ಷಗಟ್ಟಲೆ ಹಳೆಯದಾದ ಆವೃತ್ತಿಗೇ ಜನ ಅಂಟಿಕೊಂಡಿರುವುದು ಉದಾಸೀನದಿಂದಲೋ, ತಿಳಿವಳಿಕೆಯ ಕೊರತೆಯಿಂದಲೋ? ಪುಟದ ಮೇಲ್ಭಾಗದಲ್ಲಿ ‘ದಯವಿಟ್ಟು ನಿಮ್ಮ ಬ್ರೌಸರನ್ನು ಅಪ್‌ಡೇಟ್ ಮಾಡಿಕೊಳ್ಳಿ’ ಎಂದು ಸೂಚನೆ ಹಾಕಿದರೆ ಸಾಕೇ?

ಬೆಟಗೇರಿ_ಅಕ್ಷರ ಉತ್ತರಿಸಿದ್ದು:

ಆ ಸೂಚನೆಯಿಂದ ಪ್ರಯೋಜನವಾಗುವುದಿಲ್ಲ, ಸರ್. ಕ್ರೋಮ್ 109 ಎಂಬುದು ವಿಂಡೋಸ್ 7, 8 ಮತ್ತು 8.1ಕ್ಕೆ ಸಿಕ್ಕ ಕೊನೆಯ ಕ್ರೋಮ್. ಅಲ್ಲಿ ಅಪ್‌ಡೇಟ್ ಮಾಡಲು ಹೋದರೆ, ಮುಂದಿನ ಅಪ್‌ಡೇಟ್‌ಗಳಿಗೆ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಬೇಕು ಎಂಬ ಸಾಲು ಕಾಣಿಸಿ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ನೀವು ಕೇಳಬೇಕಾದದ್ದು ವಿಂಡೋಸ್ 7ನ್ನು ಏಕೆ ಬಿಡುತ್ತಿಲ್ಲ ಎಂದು. ಅದಕ್ಕೆ ನನ್ನ ಅಂಗಡಿಯಿಂದಲೇ ಉತ್ತರ ಕೊಡಬಲ್ಲೆ.

ನಮ್ಮದು ಡಿಟಿಪಿ ಸೆಂಟರ್. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಬಿಲ್ ಪುಸ್ತಕ, ಶ್ರದ್ಧಾಂಜಲಿಯ ಬ್ಯಾನರ್ ಇವು ನಮ್ಮ ಜೀವನಾಧಾರ. ಇವುಗಳ ಮೂಲ ಕಡತಗಳೆಲ್ಲ 2001ರಲ್ಲಿ ಬಂದ ಪುಟ ವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ 7ರಲ್ಲಿ, ನುಡಿ ತಂತ್ರಾಂಶದ ಯುನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತ) ಅಲ್ಲದ ಫಾಂಟ್‌ಗಳಲ್ಲಿ ಇವೆ. ಅಡೋಬಿ ಕಂಪನಿ ಪೇಜ್‌ಮೇಕರನ್ನು ಕೈಬಿಟ್ಟು ಎಷ್ಟೋ ವರ್ಷವಾಯಿತು, ಅದರ ಜಾಗಕ್ಕೆ ಇನ್‌ಡಿಸೈನ್ ಬಂತು. ಆದರೆ ಹಳೆಯ ಫಾಂಟಿನಲ್ಲಿ ಹೊಂದಿಸಿದ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸಿದಾಗ ಅಲ್ಲೊಂದು ಇಲ್ಲೊಂದು ಒತ್ತಕ್ಷರ ಸ್ಥಾನ ಬಿಟ್ಟಿರುತ್ತದೆ, ಅರ್ಕಾವೊತ್ತು ಬೇರೆ ಅಕ್ಷರದ ಮೇಲೆ ಕುಳಿತಿರುತ್ತದೆ. ವಧುವಿನ ತಂದೆಯ ಹೆಸರಿನಲ್ಲಿ ಹಾಗಾದರೆ ಐನೂರು ಪತ್ರಿಕೆಗಳನ್ನು ಮತ್ತೆ ಮುದ್ರಿಸಿಕೊಡಬೇಕಾದವರು ನಾವೇ. ಇದರ ಜೊತೆಗೆ ನಮ್ಮ ಸ್ಕ್ಯಾನರಿಗೆ ವಿಂಡೋಸ್ 10ರ ಡ್ರೈವರ್ ಇಲ್ಲ. ಅದನ್ನು ತಯಾರಿಸಿದವರು ಆ ಮಾದರಿಯನ್ನು ಮರೆತೇಬಿಟ್ಟಿದ್ದಾರೆ. ಸ್ಕ್ಯಾನರ್ ಮಾತ್ರ ಇಂದಿಗೂ ಒಂದು ಗೆರೆ ತಪ್ಪದಂತೆ ಕೆಲಸ ಮಾಡುತ್ತದೆ.

ಇದೇ ಕಂಪ್ಯೂಟರಿನ ಮುಂದೆ ಕುಳಿತು ಊರಿನವರು ವಿದ್ಯಾರ್ಥಿವೇತನದ ಅರ್ಜಿ ತುಂಬಿಸುತ್ತಾರೆ, ಪಹಣಿ ತೆಗೆಸುತ್ತಾರೆ, ಬಹುಶಃ ನಿಮ್ಮ ಸಂಘದಂಥ ಸಂಘಗಳ ಪುಟವನ್ನೂ ತೆರೆಸುತ್ತಾರೆ. ನಿಮ್ಮ ಲಾಗ್‌ನಲ್ಲಿ ಕಾಣುವ ಒಂದು ಕ್ರೋಮ್ 109ರ ಹಿಂದೆ ಒಬ್ಬನೇ ಬಳಕೆದಾರ ಇರುತ್ತಾನೆಂದು ತಿಳಿಯಬೇಡಿ. ಇಡೀ ಒಂದು ಓಣಿಯೇ ಇರಬಹುದು. ಹೊಸ ಕಂಪ್ಯೂಟರ್ ತೆಗೆದುಕೊಳ್ಳಿ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ತೆಗೆದುಕೊಂಡರೂ ಹಳೆಯದನ್ನು ತೆಗೆಯುವ ಹಾಗಿಲ್ಲ, ಮತ್ತು ಅಂಗಡಿಯಲ್ಲಿ ಇರುವುದು ಒಂದೇ ಮೇಜು.

ಲಾಗ್‌ನೋಡುಗ ಉತ್ತರಿಸಿದ್ದು:

ಲೆಕ್ಕ ಹಾಕುವ ಮೊದಲು ಎರಡು ಎಚ್ಚರಿಕೆಗಳು. ಹಳೆಯ ಬ್ರೌಸರಿನ ಹೆಸರು ಹೇಳಿಕೊಂಡು ಬರುವವರೆಲ್ಲ ಮನುಷ್ಯರಲ್ಲ. ತಾಣಗಳನ್ನು ತಾವಾಗಿಯೇ ತಡಕಾಡುವ ಬಾಟ್‌ಗಳೆಂಬ ತಂತ್ರಾಂಶಗಳು ಯಾವುದೋ ಹಳೆಯ ಕ್ರೋಮ್‌ನ ಗುರುತನ್ನು ಹಾಕಿಕೊಂಡು ತಿರುಗುತ್ತವೆ. ಪುಟವನ್ನಷ್ಟೇ ಕೇಳಿ, ಅದರ ಸಿಎಸ್‌ಎಸ್ ಕಡತವನ್ನೂ ಚಿತ್ರಗಳನ್ನೂ ಕೇಳದೆ ಹೋದ ಭೇಟಿಗಳನ್ನು ಬದಿಗಿಟ್ಟು ನೋಡಿದರೆ ನಿಮ್ಮ ಅಂಕಿಗಳು ಸಾಕಷ್ಟು ಬದಲಾಗಬಹುದು.

ಇನ್ನೊಂದು, ಲಾಗ್‌ನಲ್ಲಿ ‘ವಿಂಡೋಸ್ ಎನ್‌ಟಿ 6.1’ ಎಂದಿದ್ದರೆ ಅದು ವಿಂಡೋಸ್ 7, ‘10.0’ ಎಂದಿದ್ದರೆ ವಿಂಡೋಸ್ 10 ಅಥವಾ 11. ಮೊಬೈಲಿನಲ್ಲಿ ಈ ಸುಳಿವೂ ಇಲ್ಲ, ಏಕೆಂದರೆ ಈಚಿನ ಕ್ರೋಮ್‌ಗಳು ಖಾಸಗಿತನದ ಕಾರಣಕ್ಕೆ ಎಲ್ಲ ಫೋನುಗಳನ್ನೂ ‘ಆಂಡ್ರಾಯ್ಡ್ 10’ ಎಂದೇ ಹೇಳಿಕೊಳ್ಳುತ್ತವೆ. ಅಲ್ಲಿ ಕ್ರೋಮ್‌ನ ಆವೃತ್ತಿಯೊಂದೇ ಆಧಾರ. 119ರ ಬಳಿ ಗುಂಪು ಕಂಡರೆ ಅವು ಆಂಡ್ರಾಯ್ಡ್ 7ರ ಫೋನುಗಳು, 138ರ ಬಳಿ ಕಂಡರೆ 8 ಅಥವಾ 9ರವು ಎಂದು ಊಹಿಸಬಹುದು. ಆಯಾ ಆಂಡ್ರಾಯ್ಡ್‌ಗೆ ಕ್ರೋಮ್ ಅಲ್ಲಿಗೇ ನಿಂತುಹೋಗಿದೆ.

ಸುವೊನ್_ಕನ್ನಡಿಗ ಉತ್ತರಿಸಿದ್ದು:

ಉದಾಸೀನ, ತಿಳಿವಳಿಕೆಯ ಕೊರತೆ ಎಂಬ ವಿವರಣೆಯನ್ನು ದಕ್ಷಿಣ ಕೊರಿಯಾದ ಉದಾಹರಣೆಯೊಂದೇ ತಳ್ಳಿಹಾಕುತ್ತದೆ. ಜಗತ್ತಿನಲ್ಲೇ ಅತಿ ವೇಗದ ಅಂತರ್ಜಾಲ ಸಂಪರ್ಕವಿರುವ ನಾಡುಗಳಲ್ಲಿ ಅದೂ ಒಂದು; ತಂತ್ರಜ್ಞಾನದ ಪರಿಚಯ ಜನರಿಗಿಲ್ಲ ಎನ್ನುವಂತಿಲ್ಲ. ಆದರೂ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅಲ್ಲಿ ಬೇರೆಡೆಗಿಂತ ಬಹಳ ಹೆಚ್ಚು ಕಾಲ ಬಾಳಿತು.

1990ರ ದಶಕದಲ್ಲಿ ಅಮೆರಿಕದ ರಫ್ತು ನಿರ್ಬಂಧದಿಂದಾಗಿ ಹೊರದೇಶಗಳಿಗೆ ಸಿಗುತ್ತಿದ್ದ ಬ್ರೌಸರುಗಳಲ್ಲಿ 40 ಬಿಟ್‌ಗಳ ದುರ್ಬಲ ಗೂಢಲಿಪೀಕರಣ ಮಾತ್ರ ಇರುತ್ತಿತ್ತು. ಬ್ಯಾಂಕ್ ವ್ಯವಹಾರಕ್ಕೆ ಅದು ಸಾಲದೆಂದು ಕೊರಿಯಾ ತನ್ನದೇ ಆದ 128 ಬಿಟ್‌ಗಳ ‘ಸೀಡ್’ ಎಂಬ ವಿಧಾನವನ್ನು ರೂಪಿಸಿತು. ಬ್ರೌಸರಿಗೆ ತಿಳಿಯದ ವಿಧಾನವಾದ್ದರಿಂದ ಅದನ್ನು ಹೊರಗಿನಿಂದ ಸೇರಿಸಬೇಕಾಯಿತು, ಸೇರಿಸಲು ಕೈಗೆ ಸಿಕ್ಕ ಸಾಧನ, ಪುಟದೊಳಗೆ ಬೇರೆ ತಂತ್ರಾಂಶವನ್ನು ನಡೆಸುವ ಮೈಕ್ರೋಸಾಫ್ಟ್‌ನ ಆಕ್ಟಿವ್‌ಎಕ್ಸ್, ಮತ್ತು ಆಕ್ಟಿವ್‌ಎಕ್ಸ್ ನಡೆಯುತ್ತಿದ್ದುದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ. ಅದರ ಮೇಲೆ ಡಿಜಿಟಲ್ ಸಹಿಯ ಕಾನೂನು ಬಂದು, ಬ್ಯಾಂಕಿಗೂ ಸರ್ಕಾರಿ ಸೇವೆಗೂ ಅಧಿಕೃತ ಪ್ರಮಾಣಪತ್ರ ಬೇಕೆಂದಾಯಿತು. ಜನ ಆ ಪ್ರಮಾಣಪತ್ರವನ್ನು ‘ಎನ್‌ಪಿಕೆಐ’ ಎಂಬ ಹೆಸರಿನ ಫೋಲ್ಡರಿನಲ್ಲಿ, ಬಹುಮಟ್ಟಿಗೆ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ಬ್ಯಾಂಕಿನ ಪುಟ ತೆರೆದರೆ ಕೀಲಿಮಣೆಯ ರಕ್ಷಣೆಗೊಂದು, ಫೈರ್‌ವಾಲ್‌ಗೊಂದು, ಪ್ರಮಾಣಪತ್ರಕ್ಕೊಂದು ಎಂದು ಸಾಲಾಗಿ ಪ್ಲಗ್‌ಇನ್‌ಗಳು ಇಳಿಯುತ್ತಿದ್ದವು. ಅಮೆರಿಕದ ನಿರ್ಬಂಧ ಸಡಿಲಗೊಂಡು ಎಲ್ಲ ಬ್ರೌಸರುಗಳಲ್ಲೂ ಬಲವಾದ ಗೂಢಲಿಪೀಕರಣ ಬಂದ ಮೇಲೂ, ಅಂದರೆ ಮೂಲ ಕಾರಣವೇ ಇಲ್ಲವಾದ ಮೇಲೂ, ಈ ಕಟ್ಟು ಉಳಿದುಕೊಂಡಿತು. ವಿದೇಶದಲ್ಲಿ ಜನಪ್ರಿಯವಾದ ಧಾರಾವಾಹಿಯೊಂದರ ನಾಯಕಿ ತೊಟ್ಟ ಕೋಟನ್ನು ಚೀನಾದ ಅಭಿಮಾನಿಗಳು ಕೊರಿಯಾದ ತಾಣಗಳಿಂದ ಕೊಳ್ಳಲಾಗುತ್ತಿಲ್ಲವೆಂದು 2014ರಲ್ಲಿ ಅಧ್ಯಕ್ಷೆ ಪಾರ್ಕ್ ಗ್ಯೂನ್-ಹೇ ಅವರೇ ಸಭೆಯಲ್ಲಿ ಪ್ರಸ್ತಾಪಿಸಬೇಕಾಯಿತು. ಅಧಿಕೃತ ಪ್ರಮಾಣಪತ್ರಕ್ಕಿದ್ದ ವಿಶೇಷ ಸ್ಥಾನವನ್ನು ತೆಗೆದುಹಾಕಿದ ಕಾನೂನು ಜಾರಿಗೆ ಬಂದದ್ದು 2020ರ ಡಿಸೆಂಬರಿನಲ್ಲಿ.

ಕಚೇರಿಗಳಲ್ಲೂ ಇದೇ ಕಥೆ. ಆಕ್ಟಿವ್‌ಎಕ್ಸ್ ನಂಬಿ ಬರೆಸಿದ ಹಾಜರಾತಿಯ ಅಥವಾ ದಾಸ್ತಾನಿನ ತಂತ್ರಾಂಶವನ್ನು ಬದಲಿಸಲು ಟೆಂಡರ್ ಕರೆಯಬೇಕು, ಬರೆದ ಸಂಸ್ಥೆ ಮುಚ್ಚಿರುತ್ತದೆ, ಇದ್ದದ್ದು ನಡೆಯುತ್ತಿರುವಾಗ ಹಣ ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ನೌಕರನ ಕೈಯಲ್ಲಿ ಹೊಸ ಬ್ರೌಸರ್ ಹಾಕಿಕೊಳ್ಳುವ ಅಧಿಕಾರವೂ ಇರುವುದಿಲ್ಲ. ಇದನ್ನು ಬಲ್ಲ ಮೈಕ್ರೋಸಾಫ್ಟ್, 2022ರ ಜೂನ್ 15ರಂದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ವಿದಾಯ ಹೇಳಿದರೂ, ಅದರ ಎಂಜಿನ್ನನ್ನು ಎಡ್ಜ್ ಬ್ರೌಸರಿನೊಳಗೆ ‘ಐಇ ಮೋಡ್’ ಎಂಬ ಹೆಸರಿನಲ್ಲಿ ಕನಿಷ್ಠ 2029ರವರೆಗೆ ಉಳಿಸುವುದಾಗಿ ಹೇಳಿದೆ.

ಕನ್ನಡಿಗರಿಗೂ ಇದು ಹೊಸದಲ್ಲ. ಯುನಿಕೋಡ್ ನೆಲೆಗೊಳ್ಳುವ ಮೊದಲು ಅನೇಕ ಕನ್ನಡ ತಾಣಗಳು ಪುಟದ ಜೊತೆಗೇ ಇಳಿದುಬರುವ ಡೈನಮಿಕ್ ಫಾಂಟ್ ಬಳಸುತ್ತಿದ್ದವು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಸೊಗಸಾದ ಕನ್ನಡ ಕಂಡರೆ, ಅದೇ ಪುಟ ಫೈರ್‌ಫಾಕ್ಸ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತಿತ್ತು. ಕನ್ನಡ ಓದಬೇಕೆಂದವರು ಆಗ ಬೇರೆ ಯಾವ ಬ್ರೌಸರ್ ಆರಿಸಿಕೊಳ್ಳಬಹುದಿತ್ತು?

ಚಿಲಕ ಉತ್ತರಿಸಿದ್ದು:

ಎಲ್ಲರ ಕಷ್ಟವೂ ಅರ್ಥವಾಗುತ್ತದೆ, ಆದರೆ ಇಲ್ಲಿ ಮಾತು ಸಾಲದ ಖಾತೆಗಳದ್ದು. 2010ರ ಜನವರಿಯಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ದೋಷವೊಂದನ್ನು ಬಳಸಿ ಗೂಗಲ್ ಸೇರಿದಂತೆ ದೊಡ್ಡ ಕಂಪನಿಗಳೊಳಗೆ ನುಗ್ಗಿದ ಪ್ರಕರಣ ಬಯಲಾದಾಗ, ಜರ್ಮನಿ ಮತ್ತು ಫ್ರಾನ್ಸ್‌ನ ಸರ್ಕಾರಿ ಸಂಸ್ಥೆಗಳು ಆ ಬ್ರೌಸರನ್ನು ಸದ್ಯಕ್ಕೆ ಬಳಸಬೇಡಿ ಎಂದು ಜನರಿಗೆ ಹೇಳಿದ್ದವು. 2023ರ ಸೆಪ್ಟೆಂಬರಿನಲ್ಲಿ ವೆಬ್‌ಪಿ ಎಂಬ ಮಾದರಿಯ ಚಿತ್ರಗಳನ್ನು ತೆರೆದು ತೋರಿಸುವ ಕೋಡಿನಲ್ಲೇ ದೋಷ ಸಿಕ್ಕಿ, ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ತುರ್ತು ದುರಸ್ತಿ ಹೊರಡಿಸಿದವು. ಒಂದು ಚಿತ್ರ ತೆರೆದುಕೊಂಡರೆ ಸಾಕು, ಎಲ್ಲಿಯೂ ಒತ್ತಬೇಕಾಗಿರಲಿಲ್ಲ. ದುರಸ್ತಿ ಬರುವುದೇ ನಿಂತ ಬ್ರೌಸರಿನಲ್ಲಿ, ಅದೂ ಹತ್ತಾರು ಜನ ಪಾಸ್‌ವರ್ಡ್ ಒತ್ತುವ ಕಂಪ್ಯೂಟರಿನಲ್ಲಿ, ಖಾತೆಯ ವಿವರ ತೆರೆಯಗೊಡುವುದು ಸಂಘಕ್ಕೆ ಒಪ್ಪುವ ಮಾತಲ್ಲ.

ಬೆಟಗೇರಿಯವರಿಗೆ ಒಂದು ಸಲಹೆ ಇದೆ. ವಿಂಡೋಸ್ 7ರಲ್ಲಿ ಫೈರ್‌ಫಾಕ್ಸ್ 115ರ ದೀರ್ಘಾವಧಿ ಬೆಂಬಲದ ಆವೃತ್ತಿ ನಡೆಯುತ್ತದೆ. ಮೊಜಿಲ್ಲಾ ಅದರ ಭದ್ರತಾ ದುರಸ್ತಿಯ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸುತ್ತ ಬಂದಿದೆ. ಪೇಜ್‌ಮೇಕರಿಗೂ ಸ್ಕ್ಯಾನರಿಗೂ ಅದರಿಂದ ಏನೂ ತೊಂದರೆಯಿಲ್ಲ. ವಿಂಡೋಸ್‌ನ ದೋಷಗಳು ಹಾಗೆಯೇ ಉಳಿಯುತ್ತವೆ, ಆದರೂ ಕ್ರೋಮ್ 109ಕ್ಕಿಂತ ಅದು ವಾಸಿ.

ಅಡಿಕೆಸೀಮೆಯವರು ಗಮನಿಸಬೇಕು: ಫೈರ್‌ಫಾಕ್ಸ್‌ಗೆ ನೆಸ್ಟಿಂಗ್ ಬಂದದ್ದು 117ರಲ್ಲಿ. ಇವರು 115ಕ್ಕೆ ಹೋದರೂ ನಿಮ್ಮ ಪುಟ ಕೆಟ್ಟೇ ಇರುತ್ತದೆ.

ಕಬಿನಿದಂಡೆ ಉತ್ತರಿಸಿದ್ದು:

ಮೊಬೈಲಿನ ಕಡೆಯ ಕಾರಣಗಳು ಸ್ವಲ್ಪ ಬೇರೆ. ಹಳ್ಳಿಯ ಶಾಲೆಯಲ್ಲಿ ಪಾಠ ಮಾಡುವ ನನಗೆ ಪೋಷಕರ ಫೋನುಗಳನ್ನು ನೋಡುವ ಅವಕಾಶ ಆಗಾಗ ಒದಗುತ್ತದೆ. ಹದಿನಾರು ಜಿಬಿಯ ಫೋನಿನಲ್ಲಿ ಮುಕ್ಕಾಲು ಪಾಲು ವಾಟ್ಸಾಪ್‌ನಲ್ಲಿ ಬಂದ ಶುಭೋದಯದ ಚಿತ್ರಗಳು; ಪ್ಲೇ ಸ್ಟೋರಿನಲ್ಲಿ ಅಪ್‌ಡೇಟ್ ಒತ್ತಿದರೆ ಜಾಗ ಸಾಲದು ಎಂಬ ಉತ್ತರ. ಮೊಮ್ಮಕ್ಕಳ ಫೋಟೊ ಅಳಿಸಿ ಬ್ರೌಸರಿಗೆ ಜಾಗ ಮಾಡಿಕೊಡಿ ಎಂದು ನಾನಂತೂ ಯಾವ ಅಜ್ಜಿಗೂ ಹೇಳಲಾರೆ. ದಿನದ ಡೇಟಾ ಮುಗಿಯುತ್ತದೆಂದು ಅಂಗಡಿಯವನೇ ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿಕೊಟ್ಟಿರುತ್ತಾನೆ. 2017ರಲ್ಲಿ ಬಂದ ಜಿಯೋಫೋನ್ ಕೆಲವರ ಕೈಯಲ್ಲಿ ಇನ್ನೂ ಇದೆ. ಅದನ್ನು ನಡೆಸುವ ಕಾಯ್‌ಒಎಸ್ ಎಂಬ ವ್ಯವಸ್ಥೆಯ ಬ್ರೌಸರ್ 2016ರ ಫೈರ್‌ಫಾಕ್ಸ್ 48ರ ಎಂಜಿನ್ನಿನದು. ಅದನ್ನು ಬದಲಿಸುವ ದಾರಿ ಬಳಸುವವರಿಗೆ ಇಲ್ಲ.

ಇವುಗಳಾಚೆ, ಯಾರೂ ಬಾಯಿಬಿಟ್ಟು ಹೇಳದ ಕಾರಣ ಒಂದಿದೆ. ನಮ್ಮ ಅತ್ತೆಯವರಿಗೆ ಇಂಗ್ಲಿಷ್ ಓದಲು ಬಾರದು. ಮೇಲಿನ ಬಲಮೂಲೆ, ಅಲ್ಲಿಂದ ಮೂರನೆಯ ಸಾಲು, ಆಮೇಲೆ ನೀಲಿ ಬಟನ್, ಹೀಗೆ ಜಾಗಗಳ ನೆನಪಿನಿಂದಲೇ ಅವರು ಫೋನ್ ಬಳಸುತ್ತಾರೆ. ಅಪ್‌ಡೇಟ್ ಆದ ಮರುದಿನ ಆ ಮೂರನೆಯ ಸಾಲು ಐದನೆಯದಾಗಿರುತ್ತದೆ, ನೀಲಿ ಬಟನ್ನು ಕೆಳಕ್ಕೆ ಹೋಗಿರುತ್ತದೆ. ವಿದ್ಯಾವಂತರಿಗೆ ಅದು ಅರೆಕ್ಷಣದ ಕಿರಿಕಿರಿ. ಅವರಿಗೆ ಮಾತ್ರ ಮತ್ತೆ ಯಾರನ್ನಾದರೂ ಕೇಳಿ ಕಲಿಯಬೇಕಾದ ಪರಾಧೀನತೆ. ಇಂಥವರು ಅಪ್‌ಡೇಟ್ ಬೇಡವೆಂದರೆ ಅದನ್ನು ಮೌಢ್ಯವೆಂದು ನಾನು ಕರೆಯುವುದಿಲ್ಲ. ಭದ್ರತೆಯ ದುರಸ್ತಿಯನ್ನೂ ರೂಪದ ಬದಲಾವಣೆಯನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಕಳಿಸುವ ಕಂಪನಿಗಳು ಇದರ ಬಗ್ಗೆ ಯೋಚಿಸಬೇಕಿತ್ತು.

ಅಡಿಕೆಸೀಮೆ ಬರೆದದ್ದು:

ಎಲ್ಲರಿಗೂ ಧನ್ಯವಾದ. ಬಾಟ್‌ಗಳನ್ನು ಕಳೆದು ನೋಡಿದೆ. ಕ್ರೋಮ್ 109ರ ಭೇಟಿಗಳು ಕಡಿಮೆಯಾದವು, ಆದರೆ ಉಳಿದವೆಲ್ಲ ಹಗಲಿನ ಅಂಗಡಿ ವೇಳೆಯವು. ಬೆಟಗೇರಿಯವರು ಹೇಳಿದ್ದಕ್ಕೆ ಅದು ಸರಿಹೊಂದುತ್ತದೆ. ಪೋಸ್ಟ್‌ಸಿಎಸ್‌ಎಸ್ ಎಂಬ ಸಾಧನದಿಂದ ನೆಸ್ಟಿಂಗನ್ನು ಹಳೆಯ ರೀತಿಯ ಸಾಲುಗಳಾಗಿ ಬಿಡಿಸಿ ಪ್ರಕಟಿಸಿದ್ದೇನೆ. ನಾನು ಬರೆಯುವ ಕೋಡ್ ಹೊಸದಾಗಿಯೇ ಇರುತ್ತದೆ, ಹೊರಗೆ ಹೋಗುವುದು ಎಲ್ಲ ಕಡೆ ನಡೆಯುತ್ತದೆ. ಚಿಲಕ ಅವರ ಮಾತಿನಂತೆ, ಧಾರಣೆ, ದಾಸ್ತಾನು ಮತ್ತು ಅರ್ಜಿಯ ಪುಟಗಳು ಎಲ್ಲರಿಗೂ ತೆರೆಯುತ್ತವೆ. ಸಾಲದ ಖಾತೆಗೆ ಮಾತ್ರ ಬೆಂಬಲವಿರುವ ಬ್ರೌಸರ್ ಬೇಕು, ಇಲ್ಲದವರು ಸಂಘದ ಕಚೇರಿಗೆ ದೂರವಾಣಿ ಮಾಡಬಹುದು ಎಂದು ಕನ್ನಡದಲ್ಲೇ ಸೂಚನೆ ಹಾಕಿದ್ದೇವೆ. ಬೆಟಗೇರಿಯವರು ಅರ್ಜಿಯ ಪುಟವನ್ನು ಒಮ್ಮೆ ತೆರೆದು ನೋಡುವಿರಾ?

ಬೆಟಗೇರಿ_ಅಕ್ಷರ ಬರೆದದ್ದು:

109ರಲ್ಲೂ ನೋಡಿದೆ, ಈಗ ಹಾಕಿಕೊಂಡ ಫೈರ್‌ಫಾಕ್ಸ್ 115ರಲ್ಲೂ ನೋಡಿದೆ. ಅಂಕಣಗಳು ಸಾಲಾಗಿ ನಿಂತಿವೆ, ಬಟನ್ ಕಾಣುತ್ತದೆ. ಆದರೆ ಪ್ರಶ್ನಾರ್ಥಕ ಚಿಹ್ನೆ ಒತ್ತಿದಾಗ ತೆರೆಯಬೇಕಾದ ಸಹಾಯದ ಟಿಪ್ಪಣಿಗಳೆಲ್ಲ ಎರಡರಲ್ಲೂ ಒಟ್ಟಿಗೆ ತೆರೆದುಕೊಂಡೇ ಇವೆ. ಒತ್ತಿದಾಗ ಮಾತ್ರ ಪುಟದ ಮೇಲೆ ತೆರೆಯುವ ಪಾಪ್‌ಓವರ್ ಸೌಲಭ್ಯ ಬಳಸಿದ್ದೀರೆಂದು ತೋರುತ್ತದೆ. ಅದು ಕ್ರೋಮ್‌ನಲ್ಲಿ 114ರಿಂದ ಈಚೆಗಿನದು. ಬಿಡುವಾದಾಗ ಸರಿಪಡಿಸಿ, ಅವಸರವಿಲ್ಲ. ಸರ್ವೆ ನಂಬರನ್ನು ಎಲ್ಲಿ ನೋಡಿ ಬರೆಯಬೇಕೆಂಬುದು ಈಗ ಪರದೆಯ ಮೇಲೆಯೇ ಇರುವುದರಿಂದ ನಮ್ಮಲ್ಲಿ ಅರ್ಜಿ ತುಂಬಿಸಲು ಬರುವವರು ಅದನ್ನು ನನ್ನನ್ನು ಕೇಳುವುದು ತಪ್ಪಿದೆ.