ಎನಮ್ ಒಳಗೆ ಪ್ರೈವೇಟ್ ಹೆಸರು: ಚೆಕರ್ ಒಂದು ಹೇಳುತ್ತೆ, ಪೈಥಾನ್ ಇನ್ನೊಂದು. ನೀವೇನು ಮಾಡಿದಿರಿ?

ಹೊಸಸಾಲು: ಆರ್ಡರ್‌ಗಳಿಗೆ ‘ಸ್ಥಿತಿ’ ಅಂತ ಒಂದು ಎನಮ್ (ಗೊತ್ತುಮಾಡಿದ ಕೆಲವೇ ಹೆಸರುಗಳ ಕ್ಲಾಸ್; ಒಂದೊಂದೂ ಅದರ ಮೆಂಬರ್) ಇದೆ. ಯಾವ ಸ್ಥಿತಿಯಿಂದ ಯಾವುದಕ್ಕೆ ಹೋಗಬಹುದು ಅನ್ನುವ ಡಿಕ್ಟನ್ನು (ಕೀ-ವ್ಯಾಲ್ಯೂ ಜೋಡಿಗಳ ಟೇಬಲ್) ಅದರೊಳಗೇ __ಮುಂದೆ ಅಂತ, ಶುರುವಿನಲ್ಲಿ ಎರಡು ಅಂಡರ್‌ಸ್ಕೋರ್ ಇರುವ ಪ್ರೈವೇಟ್ ಹೆಸರಲ್ಲಿ ಇಟ್ಟಿದ್ದೇನೆ. ಎಡಿಟರ್‌ನ ಟೈಪ್ ಚೆಕರ್ (ಓಡಿಸುವ ಮುಂಚೆಯೇ ಕೋಡ್‌ನ ತಪ್ಪು ಹುಡುಕುವ ಟೂಲ್) ಒಪ್ಪಿಕೊಂಡಿದೆ. ಸಿಐನಲ್ಲಿರುವ (ಕೋಡ್ ಸೇರಿಸಿದಾಗ ತಾನಾಗಿ ಓಡುವ ಪರೀಕ್ಷೆ) ಹಳೇ ಚೆಕರ್ ಅದನ್ನೂ ಮೆಂಬರ್ ಅಂತ ಎಣಿಸಿ, ಮ್ಯಾಚ್ ಕೊನೆಯ ಅಸರ್ಟ್-ನೆವರ್ (ಯಾವ ಮೆಂಬರೂ ಬಿಟ್ಟುಹೋಗಿಲ್ಲ ಅಂತ ಖಾತ್ರಿ ಮಾಡುವ ಸಾಲು) ಹತ್ತಿರ ಎರರ್ ಎಸೆಯುತ್ತಿದೆ. ಕೋಡ್ ಪೈಥಾನ್ 3.10 ಮತ್ತು 3.12 ಎರಡರಲ್ಲೂ ಓಡಬೇಕು. ಅನುಭವ ಇರುವವರು ಹೇಳಿ.

ರಾತ್ರಿಪಾಳಿ: 3.10 ಅಂದ್ರಾ? ಹಾಗಾದರೆ ನಿಮ್ಮ ಹಳೇ ಚೆಕರ್ ಹೇಳುತ್ತಿರುವುದೇ ನಿಜ. ಪ್ರೈವೇಟ್ ಹೆಸರು ಮಾಮೂಲಿ ಆಟ್ರಿಬ್ಯೂಟ್ ಆಗಿದ್ದು 3.11ರಿಂದ. ಅದಕ್ಕೆ ಮುಂಚೆ ಅದು ಮೆಂಬರ್ರೇ. 3.9, 3.10 ಒಂದು ಡೆಪ್ರಿಕೇಶನ್ ವಾರ್ನಿಂಗ್ (ಮುಂದೆ ಇದು ಬದಲಾಗುತ್ತೆ ಅನ್ನುವ ಎಚ್ಚರಿಕೆ) ಕೊಡುತ್ತವೆ, ಅದನ್ನು ನೋಡುವವರು ಯಾರು? ನಮ್ಮಲ್ಲಿ ಎನಮ್ ಮೇಲೆ ಲೂಪ್ ಹಾಕಿ ಡ್ರಾಪ್‌ಡೌನ್ ತುಂಬಿಸುತ್ತಿದ್ದೆವು. ಪಟ್ಟಿಯ ತಳದಲ್ಲಿ ‘_ಸ್ಥಿತಿ__ಮುಂದೆ’ ಅಂತ ಒಂದು ಸಾಲು ಬಂದು ಕೂತಿತು (ಪ್ರೈವೇಟ್ ಹೆಸರಿಗೆ ಪೈಥಾನ್ ಕ್ಲಾಸ್ ಹೆಸರು ಅಂಟಿಸುತ್ತೆ, ಅದೇ ಮ್ಯಾಂಗಲ್). ಯಾರೋ ಪುಣ್ಯಾತ್ಮರು ಅದನ್ನೇ ಆರಿಸಿದರು. ಆ ಹೆಸರು ಡೇಟಾಬೇಸ್‌ಗೆ ಹೋಯಿತು. ಆಮೇಲೆ ಡಿಕ್ಟನ್ನು ಎನಮ್‌ನಿಂದ ಕಿತ್ತು ಹೊರಗಿಟ್ಟೆವು. ಮುಗೀತು ಅಂದುಕೊಂಡರೆ, ಆ ರೋಗಳನ್ನು ಓದುವ ಕಡೆಯೆಲ್ಲ ಕೀಎರರ್, ಅಂಥ ಹೆಸರೇ ಇಲ್ಲ ಅಂತ. ರಾತ್ರಿ ಓಡುವ ರಿಪೋರ್ಟ್ ಬಿತ್ತು, ಅದನ್ನು ನಂಬಿದ್ದ ಬಿಲ್ಲಿಂಗ್ ನಿಂತಿತು, ಮೈಗ್ರೇಶನ್ ಬರೆದು ಪ್ರತಿ ರೋನ ಸರಿಯಾದ ಸ್ಥಿತಿ ಏನಿತ್ತು ಅಂತ ಲಾಗ್‌ಗಳಿಂದ ಹೆಕ್ಕಿದೆವು. ಇಷ್ಟೂ ಹೊತ್ತು ನಮ್ಮ ಚೆಕರ್ ಪೂರ್ತಿ ಹಸಿರು!

ಕಟ್ಟುನಿಟ್ಟು: ಚೆಕರ್ ಮೇಲೆ ಯಾಕೆ ಸಿಟ್ಟು? ಚೆಕರ್‌ಗಳು ಪಾಲಿಸಬೇಕಾದ ನಿಯಮಗಳಿರುವ ಟೈಪಿಂಗ್ ಸ್ಪೆಕ್‌ನ ಎನಮ್ ಅಧ್ಯಾಯ ಓದಿ. ಎರಡು ಅಂಡರ್‌ಸ್ಕೋರ್‌ನಿಂದ ಶುರುವಾಗಿ, ಎರಡರಿಂದ ಮುಗಿಯದ ಹೆಸರು ಮೆಂಬರ್ ಅಲ್ಲ. ಚೆಕರ್ ಸ್ಪೆಕ್ ಪ್ರಕಾರ ನಡೆದಿದೆ. ನಾನು ಇಂಥದ್ದಕ್ಕೆಲ್ಲ ನಾನ್‌ಮೆಂಬರ್ (ಇದು ಮೆಂಬರ್ ಅಲ್ಲ ಅನ್ನುವ ಗುರುತು) ಹಾಕುತ್ತೇನೆ. ಓದಿದವರಿಗೂ ಗೊತ್ತಾಗುತ್ತೆ, ಚೆಕರ್‌ಗೂ ಗೊತ್ತಾಗುತ್ತೆ.

ರಾತ್ರಿಪಾಳಿ: ನಾನ್‌ಮೆಂಬರ್ ಬಂದಿದ್ದೂ 3.11ರಲ್ಲೇ ಸ್ವಾಮಿ. ಪ್ರಶ್ನೆ ಓದಿ ಉತ್ತರ ಕೊಡುವ ಅಭ್ಯಾಸ ಇಲ್ವಾ?

ಕಟ್ಟುನಿಟ್ಟು: 2026ರ ಅಕ್ಟೋಬರ್‌ಗೆ 3.10ರ ಆಯಸ್ಸು ಮುಗಿಯುತ್ತೆ. ಅದಕ್ಕೋಸ್ಕರ ಕೋಡ್ ಕೆಡಿಸಿಕೊಳ್ಳುವುದು ನನಗಂತೂ ಬೇಡ.

ಅರ್ಧಕಾಲಂ: ಸುಮ್ನೆ ಎನಮ್‌ನ _ignore_, ಅಂದರೆ ‘ಇಗ್ನೋರ್’ ಪಟ್ಟಿಗೆ ಆ ಹೆಸರು ಸೇರಿಸಿ, ಅದು 3.7ರಿಂದಲೇ ಇದೆ.

ಹೊರಗಿಡು: ಸೇರಿಸಿ ನೋಡಿದ್ದೀರಾ? ಇಗ್ನೋರ್ ಪಟ್ಟಿಯಲ್ಲಿರುವ ಹೆಸರು ಕ್ಲಾಸ್‌ನಲ್ಲಿ ಉಳಿಯುವುದೇ ಇಲ್ಲ. ಡಿಕ್ಟೇ ಮಾಯ. ಕ್ಲಾಸ್ ಕಟ್ಟುವಾಗ ಬೇಕಾಗುವ ತಾತ್ಕಾಲಿಕ ವೇರಿಯಬಲ್‌ಗೆ ಅದು.
ನಾನು ಮೊದಲ ದಿನದಿಂದ ಇಂಥ ಟೇಬಲ್‌ಗಳನ್ನು ಮಾಡ್ಯೂಲ್ ಮಟ್ಟದಲ್ಲಿ ಫೈನಲ್ (ಮತ್ತೆ ಬದಲಿಸಬಾರದು) ಅಂತ ಬರೆದು ಇಡುತ್ತೇನೆ, ಎನಮ್ ಕ್ಲಾಸ್‌ನ ಕೆಳಗೆ. ತಂಡದಲ್ಲಿ ನಕ್ಕರು, ‘ಹಳೇ ಕಾಲದವರು’ ಅಂದರು. ನಗಲಿ. ಒಳಗಿಟ್ಟವರು ಒಂದು ಮರೆಯುತ್ತಾರೆ: ಕ್ಲಾಸ್ ಬಾಡಿ ಓಡುವಾಗ ಮೆಂಬರ್‌ಗಳು ಇನ್ನೂ ಹುಟ್ಟಿರುವುದಿಲ್ಲ. ಅಲ್ಲಿ ‘ಬಾಕಿ’ ಅನ್ನುವ ಸ್ಥಿತಿ ಅಂದರೆ ಬರೀ ಸ್ಟ್ರಿಂಗ್. ಡಿಕ್ಟ್‌ನ ಕೀಗಳೂ ಸ್ಟ್ರಿಂಗ್‌ಗಳೇ. ಆಮೇಲೆ ಸೆಲ್ಫ್ (ಅಂದರೆ ಮೆಂಬರನ್ನೇ) ಕೊಟ್ಟು ಹುಡುಕಿದರೆ ಸಿಗುವುದಿಲ್ಲ. ನಮ್ಮ ಹುಡುಗನೊಬ್ಬ ಎಲ್ಲ ಕಡೆ ಡಾಟ್ ವ್ಯಾಲ್ಯೂ ಹಾಕುತ್ತಾ ಹೋದ, ಕೊನೆಗೆ ಯಾವ ಫಂಕ್ಷನ್ ಎನಮ್ ತೆಗೆದುಕೊಳ್ಳುತ್ತೆ, ಯಾವುದು ಸ್ಟ್ರಿಂಗ್ ಅಂತ ಅವನಿಗೇ ತಿಳಿಯದಾಯಿತು.

ಅರ್ಧಕಾಲಂ: ಸ್ಟ್ರಿಂಗ್ ಬೆರೆಸಿದ ಎನಮ್ ಆದರೆ ಆ ತೊಂದರೆ ಇಲ್ಲವಲ್ಲ.

ರಾತ್ರಿಪಾಳಿ: ದಯವಿಟ್ಟು ಆ ವಿಷಯ ಎತ್ತಬೇಡಿ. ಸ್ಟ್ರಿಂಗ್ ಮತ್ತು ಎನಮ್ ಬೆರೆಸಿದ ಕ್ಲಾಸ್‌ಗಳ ಫಾರ್ಮ್ಯಾಟ್ 3.11ರಲ್ಲಿ ಬದಲಾಯಿತು. ಎಫ್-ಸ್ಟ್ರಿಂಗ್‌ನಲ್ಲಿ (ಒಳಗೆ ವೇರಿಯಬಲ್ ತುಂಬುವ ಸ್ಟ್ರಿಂಗ್) ವ್ಯಾಲ್ಯೂ ಬರುತ್ತಿದ್ದ ಕಡೆ ‘ಸ್ಥಿತಿ.ಬಾಕಿ’ ಬರಲು ಶುರು. ನಮ್ಮ ಕ್ಯಾಶ್ ಕೀಗಳೆಲ್ಲ ಬೇರೆಯಾದವು. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಬರೀ ಸರ್ವರ್ ನಿಧಾನ. ಅದೂ ಚೆಕರ್‌ಗೆ ಕಾಣಲಿಲ್ಲ.

ಕಟ್ಟುನಿಟ್ಟು: ಅದಕ್ಕೇ ಸ್ಟ್ರ್‌ಎನಮ್ ಅಂತ ಸ್ಟ್ರಿಂಗ್ ಬೆರೆಸಿದ ಸಿದ್ಧ ಎನಮ್ ಕೊಟ್ಟಿದ್ದು.

ರಾತ್ರಿಪಾಳಿ: ಯಾವ ವರ್ಷನ್‌ನಲ್ಲಿ? ಹೇಳಿ, ಹೇಳಿ.

ಕಟ್ಟುನಿಟ್ಟು: 3.11. ಗೊತ್ತು. ನೀವು ಅಪ್‌ಗ್ರೇಡ್ ಮಾಡದೇ ಕೂತಿದ್ದಕ್ಕೆ ನಾನೇನು ಮಾಡಲಿ? ಮೈಪೈ ಅನ್ನುವ ಚೆಕರ್‌ನ 1.14 ಬಂದಾಗ ನಾನು ಪ್ರತಿ ಮೆಂಬರ್‌ಗೂ ಬರೆದಿದ್ದ ಟೈಪ್ ಅನೋಟೇಶನ್ ಮೇಲೆಲ್ಲ ಎರರ್ ಬಂತು. ಮೆಂಬರ್‌ಗೆ ಅನೋಟೇಶನ್ ಹಾಕುವಂತಿಲ್ಲ ಅಂತ. ಕೂತು ಎಲ್ಲ ತೆಗೆದೆ. ಗೊಣಗಲಿಲ್ಲ.

ಹೊರಗಿಡು: ಈಗ ಗೊಣಗಿದಿರಿ.

ಹೊಸಸಾಲು: ಎರಡರ ಬದಲು ಒಂದೇ ಅಂಡರ್‌ಸ್ಕೋರ್ ಇಟ್ಟರೆ?

ಹೊರಗಿಡು: ಆಗ ಎಲ್ಲ ವರ್ಷನ್‌ನಲ್ಲೂ ಅದು ಮೆಂಬರ್ರೇ, ಚೆಕರ್‌ಗಳೂ ಹಾಗೇ ಎಣಿಸುತ್ತವೆ. ಹಿಂದೆ ಒಂದು ಅಂಡರ್‌ಸ್ಕೋರ್ ಸೇರಿಸಿ __ಮುಂದೆ_ ಅಂತ ಮಾಡಲೂ ಹೋಗಬೇಡಿ. 3.10ರಲ್ಲಿ ಮ್ಯಾಂಗಲ್ ಆದ ಹೆಸರು ಎನಮ್ ಕಾದಿಟ್ಟ ಹೆಸರುಗಳ ಥರ ಕಾಣುತ್ತೆ, ಕ್ಲಾಸೇ ಕಟ್ಟುವುದಿಲ್ಲ. ಡಿಕ್ಟ್ ಒಳಗೇ ಬೇಕು ಅಂದರೆ ಒಂದು ಮೆಥಡ್ ಬರೆದು ಅದರಲ್ಲಿ ಕಟ್ಟಿ. ನೀವಾಗಿ ಹಾಗಂತ ಬರೆಯದ ಹೊರತು ಫಂಕ್ಷನ್ ಮೆಂಬರ್ ಆಗುವುದಿಲ್ಲ.

ಕಟ್ಟುನಿಟ್ಟು: ಪ್ರತಿ ಕರೆಗೂ ಹೊಸ ಡಿಕ್ಟ್ ಕಟ್ಟುವುದಾ? ಭೇಷ್.

ಹೊರಗಿಡು: ಅಳೆದು ನೋಡಿ, ಆಮೇಲೆ ಭೇಷ್ ಅನ್ನಿ.